ಹನ್ನೆರಡು ‘ಇಲ್ಲ’

ಝೆರಾಕ್ಸ್ ಯಂತ್ರದಿಂದ ಆಗ ತಾನೇ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ, ಅದಕ್ಕೆ ಸೇರಿಕೊಂಡ ಚೂರು ಸುಟ್ಟ ಘಾಟು. ಹೋದ ತಿಂಗಳು ಒಂದು ಸಂಜೆ ನನ್ನ ಮೊಮ್ಮಗಳು ಸಿಂಚನ ಅಂಥದೊಂದು ಹಾಳೆ ತಂದು, ನಾನು ಓದುತ್ತಿದ್ದ ಪೇಪರಿನ ಮೇಲೇ ಇಟ್ಟಳು. ಏಳನೇ ಕ್ಲಾಸಿನ ಹುಡುಗಿ. ಅವಳ ಸ್ಕೂಲಿನಿಂದ ಮೂರು ದಿನ ಬೆಟ್ಟ ಹತ್ತಿಸುವ ಶಿಬಿರವಂತೆ, ತಂದೆ ತಾಯಿ ಒಪ್ಪಿ ಸಹಿ ಹಾಕಿದರೆ ಮಾತ್ರ ಬಸ್ಸು ಹತ್ತಿಸುತ್ತಾರಂತೆ. ತಿಪಟೂರಿನ ನಮ್ಮ ಮನೆಯಲ್ಲಿ ಫಾರಂ ಎಂದರೆ ನನ್ನ ಬಾಬತ್ತು. ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ಆಯುಷ್ಯ ಕಳೆದವನಿಗೆ ಸೀಟಿ ಊದುವುದು ಬಿಟ್ಟರೆ ಬರುತ್ತಿದ್ದ ಇನ್ನೊಂದೇ ವಿದ್ಯೆ ಫಾರಂ ತುಂಬುವುದು. ಈಗ ಊದಲು ಉಸಿರಿಲ್ಲ, ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಅಕ್ಷರ ಮಾತ್ರ ಇನ್ನೂ ದುಂಡಗಿದೆ.

ಹೆಸರು ಬರೆದೆ, ತರಗತಿ ಬರೆದೆ, ಅಪ್ಪ ಅಮ್ಮನ ಫೋನ್ ನಂಬರು ಬರೆದೆ. ‘ತುರ್ತು ಸಂದರ್ಭದಲ್ಲಿ ಚಿಕಿತ್ಸೆ ಕೊಡಿಸಲು ನಮ್ಮ ಒಪ್ಪಿಗೆ ಇದೆ’ ಎಂಬ ಸಾಲಿನ ಮುಂದೆ ಗುರುತು ಹಾಕಿದೆ. ಅದರ ಕೆಳಗಿತ್ತು ಆ ಕಾಲಂ. ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ? ಇದ್ದರೆ ವಿವರ.

ನನ್ನ ಸೊಸೆ ಶೋಭಾ ಅಡುಗೆಮನೆ ಬಾಗಿಲಲ್ಲಿ ನಿಂತು ಸೌತೆಕಾಯಿ ಹೆಚ್ಚುತ್ತಿದ್ದವಳು ಅಲ್ಲಿಂದಲೇ ಹೇಳಿದಳು. “ಅಲ್ಲಿ ಇಲ್ಲ ಅಂತ ಬರೀರಿ ಮಾವ. ಉಬ್ಬಸ ಅಂತ ಬರೆದ್ರೆ ಇವಳನ್ನ ಬಿಟ್ಟು ಹೋಗ್ತಾರೆ. ಪಂಪು ಬ್ಯಾಗಲ್ಲಿಟ್ಟು ಕಳಿಸ್ತೀನಿ. ಅವರ ಮಿಸ್‌ಗೆ ನಾನು ಬಾಯಲ್ಲಿ ಹೇಳ್ತೀನಿ ಬಿಡಿ.”

ಬಾಯಲ್ಲಿ ಹೇಳ್ತೀನಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಪೆನ್ನು ನಿಂತಿತು. ಅದೇ ಮಾತನ್ನು ನಾನು ಹದಿನೈದು ವರ್ಷದ ಹಿಂದೆ, ಹಂದನಕೆರೆ ಕಡೆಯ ಒಂದು ಹಟ್ಟಿಯಲ್ಲಿ ಕೇಳಿದ್ದೆ. ಆ ಸಂಗತಿಯನ್ನು ಪೂರ್ತಿಯಾಗಿ ಇದುವರೆಗೆ ಯಾರಿಗೂ ಹೇಳಿಲ್ಲ, ತೀರಿಹೋದ ನನ್ನ ಹೆಂಡತಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ಆದರೆ ಹೆಸರುಗಳನ್ನು ಬದಲಿಸಿದ್ದೇನೆ, ಯಾಕೆಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಅದಕ್ಕೆ ಮೊದಲು ಒಪ್ಪಿಗೆಯ ವಿಚಾರ ಒಂದಿಷ್ಟು. ನಾನು ಹುಡುಗನಾಗಿದ್ದಾಗ ಇಂಥ ಕಾಗದಗಳು ಇರಲಿಲ್ಲ. ಮಾಯಸಂದ್ರದ ಹತ್ತಿರದ ನಮ್ಮೂರಿನ ಸ್ಕೂಲಿಗೆ ನನ್ನನ್ನು ಸೇರಿಸಿದ ದಿನ ನಮ್ಮಪ್ಪ ಮೇಷ್ಟ್ರಿಗೆ ಹೇಳಿದ್ದು ಒಂದೇ ಮಾತು: “ಕಣ್ ಎರ್ಡು ಬುಟ್ಟು ಮಿಕ್ಕಿದ್ದೆಲ್ಲ ನಿಮ್ದು ಕಣ್ರೀ.” ಅಷ್ಟೇ ಒಪ್ಪಿಗೆ ಪತ್ರ. ಮುಂದೆ ಆ ಮೇಷ್ಟ್ರು ಎಳನೀರು ಕೆಡವಲು ನನ್ನನ್ನು ಮರ ಹತ್ತಿಸಿದರು, ನಾನು ಅರ್ಧ ಮರದಿಂದ ಬಿದ್ದೆ, ಎಡಗೈ ಮುರಿಯಿತು. ನಮ್ಮಪ್ಪ ಬಂದು ನನ್ನ ಮುಖ ಎತ್ತಿ ನೋಡಿ, “ಕಣ್ ನೆಟ್ಟಗವಲ್ಲ, ಬುಡಿ” ಎಂದು ಗಾಡಿ ಕಟ್ಟಿಸಿದರು. ಆ ಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ. ನಾನು ಡ್ರಿಲ್ಲು ಮಾಡಿಸಿದ ಮಕ್ಕಳೆಲ್ಲ ನನ್ನನ್ನು ನೋಡಿ ಎಡಗೈಯನ್ನು ಸೊಟ್ಟಗೇ ಹಿಡಿಯುತ್ತಿದ್ದರು. ಒಮ್ಮೆ ತಾಲ್ಲೂಕಿನ ಕವಾಯತಿನಲ್ಲಿ ಒಬ್ಬ ಅಧಿಕಾರಿ, “ಇದು ಯಾವ ಪದ್ಧತಿ ಮೇಷ್ಟ್ರೇ?” ಎಂದು ಕೇಳಿದ್ದರು.

ಹಾಗೆ ಬೆಳೆದವನಿಗೆ ಕಾಗದದ ಮೇಲೆ ಭಕ್ತಿ ಹುಟ್ಟುವುದು ಕಷ್ಟ. ಮೇಲಿನವರಿಂದ ಒಪ್ಪಿಗೆ ಪತ್ರದ ನಮೂನೆ ಬಂದಾಗಲೆಲ್ಲ ನಾನು ಗೊಣಗುತ್ತಿದ್ದೆ. ಆ ವರ್ಷ ನಮ್ಮ ಹುಡುಗಿಯರ ಖೋ ಖೋ ತಂಡ ಜಿಲ್ಲೆಯಲ್ಲಿ ಗೆದ್ದು ವಿಭಾಗ ಮಟ್ಟಕ್ಕೆ ಹೊರಟಿತ್ತು. ಸ್ಕೂಲಿನ ಚರಿತ್ರೆಯಲ್ಲೇ ಮೊದಲು. ಪಂದ್ಯ ಇದ್ದದ್ದು ಬೇರೆ ಜಿಲ್ಲೆಯ ಊರಿನಲ್ಲಿ, ಮೂರು ಗಂಟೆಯ ಬಸ್ಸಿನ ದಾರಿ. ಹನ್ನೆರಡು ಆಟಗಾರ್ತಿಯರಿಗೆ ಹನ್ನೆರಡು ಪೋಷಕರ ಒಪ್ಪಿಗೆ, ಹನ್ನೆರಡು ವೈದ್ಯರ ಪ್ರಮಾಣಪತ್ರ. ಚಿಕ್ಕನಾಯಕನಹಳ್ಳಿಯಲ್ಲಿ ಝೆರಾಕ್ಸ್ ಮಾಡಿಸಿಕೊಂಡು ಬಸ್ಸಿನಲ್ಲಿ ಬರುವಾಗ ಆ ಬಿಸಿ ಹಾಳೆಗಳು ತೊಡೆಯ ಮೇಲೆ ಕೂತಿದ್ದವು. ನನ್ನ ಕೆಲಸದ ಪದ್ಧತಿ ಹೀಗಿತ್ತು: ತಂದೆ ತಾಯಿ ಹತ್ತಿರ ಹೋಗುವ ಮೊದಲೇ ಎಲ್ಲ ತುಂಬಿಬಿಡುವುದು, ಅವರು ಸಹಿ ಇಲ್ಲವೇ ಹೆಬ್ಬೆಟ್ಟು ಒತ್ತಿದರೆ ಸಾಕು. ಕಾಯಿಲೆಯ ಕಾಲಮ್ಮಿನಲ್ಲಿ ಸ್ಟಾಫ್ ರೂಮಿನಲ್ಲಿ ಕೂತೇ ‘ಇಲ್ಲ’ ಎಂದು ಹನ್ನೆರಡು ಸಲ ಬರೆದೆ. ಕೊನೆ ಕೊನೆಗೆ ಹಾಳೆಯನ್ನು ಪೂರ್ತಿ ತಿರುಗಿಸುತ್ತಲೂ ಇರಲಿಲ್ಲ, ಮೂಲೆ ಎತ್ತಿ ಬರೆದುಕೊಂಡು ಹೋದೆ.

ಹನ್ನೆರಡು ಹುಡುಗಿಯರಲ್ಲಿ ರಂಗಲಕ್ಷ್ಮಿ ಎಂಬುವಳು ನಮ್ಮ ಜೀವ. ಒಂಬತ್ತನೇ ಕ್ಲಾಸು. ಅಟ್ಟುವವರು ಬೆನ್ನು ಮುಟ್ಟಿದರು ಎನ್ನುವಷ್ಟರಲ್ಲಿ ಕಂಬ ಹಿಡಿದು ಒಂದು ಸುತ್ತು ತಿರುಗಿ ಆ ಕಡೆ ಇರುತ್ತಿದ್ದಳು. ಆಟದಲ್ಲಿ ಬಿಟ್ಟರೆ ಬೇರೆ ಕಡೆ ಬಾಯಿ ಬಿಡದ ಹುಡುಗಿ. ಅಪ್ಪ ಕುರಿ ಹೊಡೆದುಕೊಂಡು ಅರ್ಧ ವರ್ಷ ದೂರದ ಸೀಮೆಗಳಲ್ಲಿ ಇರುತ್ತಿದ್ದ. ಅಮ್ಮ ನಿಂಗಮ್ಮ ತೋಟದವರ ಮನೆಗಳಲ್ಲಿ ಕೊಬ್ಬರಿ ಕೆಲಸಕ್ಕೆ ಹೋಗುತ್ತಿದ್ದಳು. ಅಟ್ಟದ ಮೇಲೆ ಒಂದು ವರ್ಷ ಒಣಗಿದ ಕಾಯಿಯ ಚಿಪ್ಪನ್ನು ಮಾತ್ರ ಒಡೆದು, ಒಳಗಿನ ಕೊಬ್ಬರಿ ಗುಂಡನ್ನು ಗಾಯವಾಗದಂತೆ ಇಡಿಯಾಗಿ ತೆಗೆಯುವ ಕೆಲಸ. ಒಡೆಯುವ ಮೊದಲು ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದಳು. ಒಳಗೆ ಗುಂಡು ಕುಣಿಯುವ ಸದ್ದಿನಲ್ಲೇ ಅದು ಒಣಗಿದೆಯೋ ಕೊಳೆತಿದೆಯೋ ಅವಳಿಗೆ ತಿಳಿಯುತ್ತಿತ್ತು.

ಸ್ಟಾಂಪ್ ಪ್ಯಾಡು ಹಿಡಿದು ಹಟ್ಟಿಗೆ ಹೋದೆ. ಅವಳ ಹೆಬ್ಬೆಟ್ಟಿನ ಗೆರೆಗಳೆಲ್ಲ ಚಿಪ್ಪು ಹಿಡಿದೂ ಹಿಡಿದೂ ಸವೆದುಹೋಗಿದ್ದವು. ಮೂರು ಸಲ ಒತ್ತಿಸಿದರೂ ಬರೀ ನೇರಳೆ ಬಣ್ಣದ ಒಂದು ಬೊಟ್ಟು. “ಸಾಕ್ ಬಿಡಮ್ಮ” ಎಂದು ಹಾಳೆ ಮಡಚಿಕೊಂಡೆ. ಆಗ ನಿಂಗಮ್ಮ ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತ, ಮಗಳನ್ನು ನೀರಿಗೆ ಕಳಿಸಿ, ನನ್ನ ಹತ್ತಿರಕ್ಕೆ ಬಂದಳು.

“ಮೇಷ್ಟ್ರೇ, ಅದ್ರಾಗೆ ಕಾಯ್ಲೆ ಕಸಾಲೆ ಅಂತ ಏನಾರ ಬರ್ಕಂಡಿದ್ದೀರಾ?”

“ಇಲ್ಲ ಅಂತ ಬರ್ದಿದೀನಿ. ಯಾಕೆ?”

“ಹಂಗೇ ಇರ್ಲಿ ಬುಡಿ. ಒಂದ್ ಮಾತ ಬಾಯಾಗೆ ಯೋಳ್ತೀನಿ, ನಿಮ್ ಹೊಟ್ಟೇಲಿ ಇಟ್ಕಳಿ. ಅವ್ಳು ಒಂದೊಂದ್ ದಪ ಬಿದ್ಬುಡ್ತಾಳೆ. ಕೈಕಾಲ್ ಸೆಟ್ಕಂತವೆ. ತುಮ್ಕೂರಲ್ ತೋರ್ಸಿವ್ನಿ, ಮಾತ್ರೆ ಕೊಟ್ಟವ್ರೆ. ಬೆಳಿಗ್ಗೆ ಒಂದು, ಸಂಜಿಕೊಂದು. ನುಂಗ್ತಿದ್ರೆ ಏನೂ ಆಗಾಕಿಲ್ಲ, ಒಂದ್ ವರ್ಸದಿಂದ ಬಂದಿಲ್ಲ. ಬುಟ್ರೆ ಬತ್ತದೆ.”

ನಾನು ಹಾಳೆ ಬಿಚ್ಚಿ ಪೆನ್ನು ತೆಗೆದೆ. ತೆಗೆದದ್ದು ನಿಜ, ಇಷ್ಟಾದರೂ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಅವಳು ನನ್ನ ಕೈ ಹಿಡಿದುಬಿಟ್ಟಳು.

“ಬರೀಬ್ಯಾಡಿ, ದಮ್ಮಯ್ಯ. ಹೆಣ್ ಮಗ. ಕಾಗದ್ದಾಗೆ ಬರುದ್ರೆ ನಾಳಿಕೆ ಅದು ಯಾರ್ ಕೈಗ್ ಸಿಗ್ತದೋ. ನಾಕ್ ಜನದ್ ಬಾಯಿಗ್ ಬಿದ್ರೆ ಇವ್ಳನ್ ಯಾರ್ ತಂದ್ಕತಾರೆ? ನೀವೇ ಕರ್ಕಂಡೋಗ್ತೀರಲ್ಲ, ಮಾತ್ರೆ ನಿಮ್ ಕೈಗೇ ಕೊಡ್ತೀನಿ. ಹುಡುಗೀರ್ ಮುಂದೆ ಅವ್ಳು ನುಂಗದ್ ಬ್ಯಾಡ.”

ಬರೆದರೆ ವೈದ್ಯರು ಅವಳನ್ನು ಕಳಿಸುವುದಿಲ್ಲ, ಅವಳಿಲ್ಲದೆ ತಂಡ ಗೆಲ್ಲುವುದಿಲ್ಲ. ಈ ಲೆಕ್ಕಾಚಾರವೂ ನನ್ನ ತಲೆಯಲ್ಲಿ ಸುಳಿದುಹೋಯಿತು. ತಾಯಿಯ ಮಾತಿಗೆ ಕರಗಿದೆ ಎಂದು ಬರೆದುಕೊಂಡರೆ ಓದಲು ಚೆನ್ನಾಗಿರುತ್ತದೆ, ಆದರೆ ಅರ್ಧವೇ ನಿಜ. ಮಾತ್ರೆಯ ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. “ನನ್ನ ಮಗಳ ಥರ ನೋಡ್ಕೋತೀನಿ ಕಣಮ್ಮ” ಎಂದೆ. ಆಟದ ಮೇಷ್ಟ್ರುಗಳೆಲ್ಲ ಎಲ್ಲ ತಾಯಂದಿರಿಗೂ ಹೇಳುವ ಮಾತು ಅದು. ಅವಳ ಸೆರಗು ಹಿಡಿದು ಆರು ವರ್ಷದ ಚಿಕ್ಕ ಮಗಳು ಗೌರಿ ನಿಂತು ನನ್ನ ಸೀಟಿಯನ್ನೇ ನೋಡುತ್ತಿದ್ದಳು. ಒಂದು ಸಲ ಊದಲು ಕೊಟ್ಟೆ.

ಇನ್ನು ವೈದ್ಯರ ಸಹಿ. ನಮ್ಮ ಸ್ಕೂಲಿದ್ದ ಹಳ್ಳಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮನುಷ್ಯ, ಅವರ ಮುಂದೆ ಅವತ್ತು ಜ್ವರದ ಮಕ್ಕಳ ಸಾಲು ಬಾಗಿಲಾಚೆಗೂ ಇತ್ತು. “ಎಲ್ರೂ ಗಟ್ಟಿಮುಟ್ಟಾಗಿದಾರಾ ಮೇಷ್ಟ್ರೇ?” ಎಂದರು. “ಖೋ ಖೋ ಆಡೋ ಮಕ್ಕಳು ಸಾರ್” ಎಂದೆ. ಇಬ್ಬರೂ ನಕ್ಕೆವು. ಹನ್ನೆರಡು ಸಹಿ ಬಿದ್ದವು. ಸೀಲು ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಗುಮಾಸ್ತನ ಹತ್ತಿರ, ಗುಮಾಸ್ತ ಕೆಂಕೆರೆಯ ನೆಂಟರ ಮನೆಯಲ್ಲಿ. ಸೀಲನ್ನು ಯಾರು ನೋಡುತ್ತಾರೆ ಎಂದುಕೊಂಡು ಹೊರಟುಬಂದೆ.

ನೋಡಿದರು. ಪಂದ್ಯದ ಊರಿಗೆ ತಲುಪಿದ ಮಾರನೆಯ ಮಧ್ಯಾಹ್ನ ಕಾಗದಪತ್ರ ಪರಿಶೀಲಿಸುವ ಮೇಜಿನಲ್ಲಿ ಕೂತಿದ್ದವನೊಬ್ಬ ಹನ್ನೆರಡನ್ನೂ ಎತ್ತಿ ಬೆಳಕಿಗೆ ಹಿಡಿದು, “ಸೀಲಿಲ್ಲ. ನಾಳೆ ಮಧ್ಯಾಹ್ನ ಎರಡು ಗಂಟೆ ಒಳಗೆ ಸೀಲ್ ಹಾಕಿಸ್ಕೊಂಡು ಬಂದ್ರೆ ಆಡಿ, ಇಲ್ದಿದ್ರೆ ಗಂಟು ಕಟ್ಟಿ” ಎಂದ. ಅಂಗಲಾಚಿದೆ, ಕೂಗಾಡಿದೆ, ಸೊಟ್ಟ ಕೈ ಎತ್ತಿ ಮೇಜು ಕುಟ್ಟಿದೆ. ಅವನು ಮುಂದಿನ ತಂಡವನ್ನು ಕರೆದ. ನಮ್ಮ ಜೊತೆ ಬಂದಿದ್ದ ಹಿಂದಿ ಟೀಚರ್ ವಿಮಲಾ ಅವರಿಗೆ ಹುಡುಗಿಯರನ್ನು ಒಪ್ಪಿಸಿ ಊರಿನ ಬಸ್ಸಿಗೆ ಓಡಿದೆ.

ಓಡುವ ಮುಂಚೆ ಒಂದು ಗಳಿಗೆ ನಿಂತೆ. “ಟೀಚರ್, ರಂಗಲಕ್ಷ್ಮೀನ ಸ್ವಲ್ಪ ನೋಡ್ಕೊಳ್ಳಿ” ಎಂದೆ. “ಎಲ್ಲರನ್ನೂ ನೋಡ್ಕೋತೀನಿ ಸಾರ್, ನೀವು ಹೊರಡಿ” ಎಂದರು. ಅವರು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಬಸ್ಸು ಒಂದೂವರೆ ಗಂಟೆ ಬಂದಿತ್ತು, ಹೊತ್ತು ಇಳಿಯುತ್ತಿತ್ತು. ಟಿಕೆಟ್ಟು ಇಟ್ಟುಕೊಳ್ಳಲು ಜೇಬಿಗೆ ಕೈ ಹಾಕಿದೆ. ಜೇಬು ಚರಚರ ಅಂತು. ಮಾತ್ರೆಯ ಪಟ್ಟಿ.

ನಿಮಗೆ ಈಗ ಅನ್ನಿಸುತ್ತಿರುವುದು ನನಗೂ ಆಗಲೇ ಅನ್ನಿಸಿತು. ಫೋನು ನನ್ನ ಕೈಯಲ್ಲಿತ್ತು. ಮಾಡಿದೆ ಕೂಡ. ಟೀಚರ್ ಎತ್ತಿದರು, ಹಿಂದೆ ಹುಡುಗಿಯರ ನಗು ಕೇಳುತ್ತಿತ್ತು. ಹೇಳುವುದು ಬಹಳ ಸುಲಭ ಇತ್ತು. ಆ ಹುಡುಗಿಗೆ ಮೂರ್ಛೆ ಬರುತ್ತದೆ, ಈ ಹೆಸರಿನ ಮಾತ್ರೆ ಎಲ್ಲಾದರೂ ಕೊಡಿಸಿ, ಒಬ್ಬಳನ್ನೇ ಎಲ್ಲಿಗೂ ಬಿಡಬೇಡಿ. ಮೂರು ಮಾತು. ಆದರೆ ಟೀಚರಿಗೆ ಹೇಳಿದರೆ ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ಹನ್ನೊಂದು ಹುಡುಗಿಯರಿಗೆ ತಿಳಿಯುತ್ತದೆ, ಹನ್ನೊಂದು ಮನೆಗೆ ತಿಳಿಯುತ್ತದೆ. ಜೊತೆಗೆ ಆ ಮೇಜಿನವನ ಕಿವಿಗೆ ಬಿದ್ದರೆ ಕಾಗದದಲ್ಲಿ ‘ಇಲ್ಲ’ ಎಂದು ಬರೆದವನು ನಾನು. ಒಂದೆರಡು ಹೊತ್ತು ತಪ್ಪಿದರೆ ಏನಾಗುತ್ತದೆ, ನಾಳೆ ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನಲ್ಲ ಎಂದುಕೊಂಡೆ. “ಎಲ್ಲಾ ಸರಿನಾ ಟೀಚರ್?” ಎಂದೆ. “ಸರಿ ಸಾರ್” ಎಂದರು. ಫೋನು ಇಟ್ಟೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಹೋಗಿ ಕೂತಿದ್ದೆ. ಗುಮಾಸ್ತ ಬಂದ, ಬೀರು ತೆಗೆದ, ಸೀಲನ್ನು ಉಫ್ ಎಂದು ಊದಿ ಹನ್ನೆರಡು ಸಲ ಕುಟ್ಟಿದ. ಒಂಬತ್ತೂವರೆ ಆಗಿತ್ತು. ಓಡಿ ಬಸ್ಸು ಹಿಡಿದೆ. ದಾರಿಯಲ್ಲಿ ವಿಮಲಾ ಟೀಚರ್ ಫೋನು ಬಂತು. “ಸಾರ್, ಬೇಗ ಬನ್ನಿ” ಎಂದರು. ಪಂದ್ಯವನ್ನು ಹೇಳಿದ್ದಕ್ಕಿಂತ ಮುಂಚೆಯೇ ಇಟ್ಟಿರಬೇಕೆಂದು ನಾನು ತಿಳಿದೆ. “ಸೀಲ್ ಸಿಕ್ತು ಟೀಚರ್, ಹೆದರ್ಬೇಡಿ!” ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದೆ. ಫೋನು ಕಟ್ಟಾಗಿತ್ತು.

ನಮಗೆ ಉಳಿಯಲು ಕೊಟ್ಟಿದ್ದ ಸ್ಕೂಲಿನ ಗೇಟು ದಾಟಿದಾಗ ವರಾಂಡದಲ್ಲಿ ಹುಡುಗಿಯರು ಜೆರ್ಸಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಮಕ್ಕಳನ್ನು ಕಂಡರೆ ಮೊದಲು ತಲೆ ಎಣಿಸುವುದು ನನ್ನ ಅಭ್ಯಾಸ. ಹನ್ನೊಂದು. ಮತ್ತೆ ಎಣಿಸಿದೆ.

ಸ್ಕೂಲಿನ ಹಿಂದೆ ಒಂದು ಹಳೆಯ ಕಲ್ಯಾಣಿ ಇತ್ತು. ತಿಂಡಿ ಆದಮೇಲೆ ರಂಗಲಕ್ಷ್ಮಿ, ಜೆರ್ಸಿಗೆ ಚಟ್ನಿ ಬಿತ್ತೆಂದು ಒಬ್ಬಳೇ ತೊಳೆಯಲು ಹೋಗಿದ್ದಳಂತೆ. ಅರ್ಧ ಗಂಟೆ ಆದರೂ ಬರಲಿಲ್ಲವೆಂದು ಹುಡುಕಿಕೊಂಡು ಹೋದ ಹುಡುಗಿಯರಿಗೆ ಕೆಳಗಿನ ಮೆಟ್ಟಿಲ ಹತ್ತಿರ ಬೋರಲಾಗಿ ಕಂಡಳಂತೆ. ಅಲ್ಲಿ ನೀರಿದ್ದದ್ದು ಮೊಣಕಾಲುದ್ದ. ಟೀಚರ್ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. “ಮೊಣಕಾಲುದ್ದ ಸಾರ್, ಮೊಣಕಾಲುದ್ದ ನೀರಲ್ಲಿ ಹೇಗೆ ಸಾರ್?” ಎದ್ದು ನಿಂತಿದ್ದರೆ ಸಾಕಿತ್ತು. ಯಾಕೆ ನಿಲ್ಲಲಿಲ್ಲವೆಂದು ಆ ಅಂಗಳದಲ್ಲಿ ತಿಳಿದಿದ್ದವನು ನಾನೊಬ್ಬನೇ. ಹೊತ್ತು ಕೇಳಿದೆ. ಒಂಬತ್ತೂವರೆ, ಹತ್ತು ಎಂದರು. ಅವಳು ಆರೋಗ್ಯವಾಗಿದ್ದಾಳೆ ಎಂಬ ಕಾಗದದ ಮೇಲೆ ಸೀಲು ಬಿದ್ದದ್ದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ.

ವಿಚಾರಣೆ ನಮ್ಮ ಹೆಡ್ಮಾಸ್ಟರ ಕೋಣೆಯಲ್ಲಿ ನಡೆಯಿತು. ಬಂದಿದ್ದ ಅಧಿಕಾರಿ ಕಡತ ಬಿಚ್ಚಿ ಒಂದೊಂದೇ ಹಾಳೆ ತಿರುವಿದರು. ಪೋಷಕರ ಒಪ್ಪಿಗೆ ಇದೆ. ವೈದ್ಯರ ಪ್ರಮಾಣಪತ್ರ ಇದೆ. ಸೀಲೂ ಇದೆ. ನಿಂಗಮ್ಮ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಗೌರಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

“ಮಗುಗೆ ಏನಾದ್ರೂ ಕಾಯಿಲೆ ಇತ್ತೇನಮ್ಮ?”

ಅವಳು ನನ್ನ ಕಡೆ ನೋಡಲಿಲ್ಲ. ತೊಡೆಯ ಮೇಲಿನ ಮಗಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. “ಇಲ್ಲ ಸಾಮಿ” ಎಂದಳು.

“ನಿಮಗೇನಾದ್ರೂ ಗೊತ್ತಿತ್ತಾ ಮೇಷ್ಟ್ರೇ?”

“ಇಲ್ಲ ಸಾರ್.”

ನನ್ನ ಹದಿಮೂರನೆಯ ‘ಇಲ್ಲ’ ಅದು. ಕಾಲು ಜಾರಿ ಬಿದ್ದು ತಲೆಗೆ ಕಲ್ಲು ತಗುಲಿ ಎಂದು ಬರೆದುಕೊಂಡರು. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ. ಕಾಗದ ನನ್ನನ್ನು ಕಾಪಾಡಿತು. ಕಾಗದವನ್ನು ಬೈದುಕೊಂಡೇ ಬದುಕಿದವನಿಗೆ ಅದು ಮಾಡಿದ ಉಪಕಾರ ನೋಡಿ.

ಕೋಣೆಯಿಂದ ಹೊರಗೆ ಬಂದಮೇಲೆ ನಿಂಗಮ್ಮ ಹುಣಸೆಮರದ ಕೆಳಗೆ ನನಗಾಗಿ ನಿಂತಿದ್ದಳು. ಬಯ್ಯಲಿ, ಅಂಗಿ ಹಿಡಿದು ಎಳೆದಾಡಲಿ ಎಂದು ಹತ್ತಿರ ಹೋದೆ. ಅವಳು ತಗ್ಗಿದ ದನಿಯಲ್ಲಿ ಕೇಳಿದ್ದು ಒಂದೇ.

“ಮಾತ್ರೆ ಕೊಟ್ಟಿದ್ರಾ ಮೇಷ್ಟ್ರೇ?”

“ಕೊಟ್ಟಿದ್ದೆ ಕಣಮ್ಮ” ಎಂದೆ.

ಅವಳು ತಲೆ ಆಡಿಸಿದಳು. “ಹಂಗಾರೆ ಅವ್ಳ್ ಹಣೇಬರ” ಎಂದು ಗೌರಿಯನ್ನು ಕಂಕುಳಿಗೆ ಎತ್ತಿಕೊಂಡು ಹೋದಳು. ಆ ಪಟ್ಟಿಯಲ್ಲಿ ಒಡೆಯದ ಗುಳಿಗಳು ಇನ್ನೂ ಆರು ಇದ್ದವು. ಅವತ್ತೂ ಅದು ನನ್ನ ಜೇಬಿನಲ್ಲೇ ಇತ್ತು.

ಮೂರು ವರ್ಷ ಆ ಹಟ್ಟಿಯ ಕಡೆ ತಲೆ ಹಾಕಲಿಲ್ಲ. ಖೋ ಖೋ ಆಡಿಸುವುದನ್ನೂ ಬಿಟ್ಟೆ, ಮಂಡಿ ನೋವೆಂದು ಎಲ್ಲರಿಗೂ ಹೇಳಿದೆ. ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ದಿನ ಹೋದೆ. ಏನೋ ಒಳ್ಳೆಯತನ ಉಕ್ಕಿ ಹೋದದ್ದಲ್ಲ. ನಿದ್ದೆ ಬರುತ್ತಿರಲಿಲ್ಲ, ಅಷ್ಟೇ. ಹೇಳಿ ಹಗುರಾಗಬೇಕೆಂಬ ಸ್ವಾರ್ಥ.

ನಿಂಗಮ್ಮ ಒಂದು ತೋಟದ ಮನೆಯ ಕಣದಲ್ಲಿ ಕಾಯಿ ರಾಶಿಯ ಮುಂದೆ ಕೂತಿದ್ದಳು. ಕಾಯಿ ಎತ್ತುವುದು, ಕಿವಿಗೆ ಹಿಡಿಯುವುದು, ಒಡೆಯುವುದು. ನನ್ನನ್ನು ಕಂಡು ಒಂದು ಗೋಣಿ ಹಾಸಿದಳು. ನಾನು ಬಾಯಿ ಬಿಡುವ ಮೊದಲೇ ಅವಳು ಶುರು ಮಾಡಿದಳು.

“ನೀವ್ ಬಂದಿದ್ ಒಳ್ಳೇದಾತು. ಯಾರ್ ಕುಟ್ಟೂ ಯೋಳಂಗಿಲ್ಲ. ಗೌರೀಗೂ ಅದೇ ಬಂದೈತೆ ಮೇಷ್ಟ್ರೇ, ಹೋದ್ ವರ್ಸದಿಂದ. ಅವ್ರಕ್ಕನಂಗೇ ಸೆಟ್ಕಂತಾಳೆ.”

“ತೋರಿಸಿದ್ಯಾ? ಮಾತ್ರೆ?”

“ತೋರ್ಸಿದ್ದೆ. ಅದೇ ಮಾತ್ರೆ ಕೊಟ್ರು. ದೇವ್ರ್ ಪಟದ್ ಹಿಂದೆ ಹಂಗೇ ಮಡಗಿವ್ನಿ. ಕೊಟ್ಟಿಲ್ಲ.” ಒಂದು ಕಾಯಿ ಅಲ್ಲಾಡಿಸಿ ಕೇಳಿ ಪಕ್ಕಕ್ಕಿಟ್ಟಳು. “ದೊಡ್ಡವ್ಳಿಗೆ ಕೊಟ್ಟು ಏನಾತು? ನೀವೇ ಕೈಯಾರ ಕೊಟ್ಟಿದ್ರಲ್ಲ, ಆದ್ರೂ ಹೋದ್ಲು. ಅದ್ರಾಗೆ ಏನೂ ಇಲ್ಲ ಬುಡಿ.”

ನನ್ನ ಬದುಕಿನಲ್ಲಿ ನಾನು ಬಹಳ ಮಕ್ಕಳ ಹತ್ತಿರ ಓಡು ಎಂದು ಕೂಗಿದ್ದೇನೆ. ಅವತ್ತು ಅಲ್ಲಿಂದ ಎದ್ದು ಓಡಬೇಕೆನ್ನಿಸಿತು. ಆ ಗೋಣಿಯ ಮೇಲೆ ಕೂತೇ ಹೇಳಿದೆ. ಕೊಟ್ಟಿರಲಿಲ್ಲ ನಿಂಗಮ್ಮ. ಜೇಬಲ್ಲೇ ಇತ್ತು. ಎರಡೊತ್ತು ತಪ್ಪಿತು. ಫೋನು ಮಾಡಿ ಹೇಳಬಹುದಿತ್ತು, ಹೇಳಲಿಲ್ಲ. ನಿನ್ನ ಮುಂದೆ ಸುಳ್ಳು ಹೇಳಿದೆ.

ಅವಳ ಕೈ ನಿಂತಿತು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿಲ್ಲ. ಆಮೇಲೆ ಕೇಳಿದಳು.

“ಹಂಗಾರೆ ಗೌರೀಗೆ ಕೊಡ್ಬೇಕಾ?”

“ಕೊಡ್ಬೇಕು ಕಣಮ್ಮ. ಇವತ್ತೇ. ಎರಡೊತ್ತೂ. ಒಂದು ದಿನಾನೂ ತಪ್ಪಿಸ್ಬೇಡ. ಅವಳ ಸ್ಕೂಲಲ್ಲೂ ಹೇಳು, ನಾನೇ ಒಂದು ಚೀಟಿ ಬರೆದುಕೊಡ್ತೀನಿ.” ಜೇಬಿನ ಪೆನ್ನಿಗೆ ಕೈ ಹಾಕಿದೆ.

“ಬ್ಯಾಡ” ಎಂದಳು. “ಬರೀಬ್ಯಾಡಿ. ನಂಗೆ ಯೋಳಿದ್ರಲ್ಲ, ಸಾಕು.”

ಅಲ್ಲಿಗೆ ಮುಗಿಯಿತು. ಬಯ್ಯಲಿಲ್ಲ, ಅಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಮತ್ತೊಂದು ಕಾಯಿ ಎತ್ತಿ ಕಿವಿಗೆ ಹಿಡಿದಳು. ನಾನು ಎದ್ದು ಬಂದೆ. ಗೌರಿ ಈಗ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಮಾತ್ರೆ ನುಂಗುತ್ತಿದ್ದಾಳೋ, ಗಂಡನ ಮನೆಯವರಿಗೆ ಗೊತ್ತಿದೆಯೋ, ಅಥವಾ ಅವಳೂ ಎಲ್ಲೋ ಅಡಗಿಸಿಟ್ಟು ಕದ್ದು ನುಂಗುತ್ತಾಳೋ ನಾನು ವಿಚಾರಿಸಿಲ್ಲ. ವಿಚಾರಿಸಿದರೇ ನಾಲ್ಕು ಜನರ ಬಾಯಿಗೆ ಬೀಳುತ್ತದೆ. ಹೆಸರು ಬದಲಿಸಿದ್ದು ಅದಕ್ಕೆ. ನೋಡಿ, ಇವತ್ತಿಗೂ ನಾನು ಆ ತಾಯಿಗೆ ಕೊಟ್ಟ ಮಾತನ್ನೇ ಉಳಿಸಿಕೊಳ್ಳುತ್ತಿದ್ದೇನೆ. ಉಳಿಸಿಕೊಂಡ ಮಾತು ಅದೊಂದೇ.

ಇಷ್ಟೆಲ್ಲ ಒಂದು ಕಾಲಂ ಎದುರಿಗೆ ಪೆನ್ನು ಹಿಡಿದು ಕೂತಾಗ ತಲೆಯಲ್ಲಿ ಹಾದುಹೋಯಿತು. ಸಿಂಚನ ನನ್ನ ಭುಜದ ಮೇಲೆ ಗದ್ದ ಊರಿ, “ಬರಿ ತಾತ, ಬೇಗ” ಎನ್ನುತ್ತಿದ್ದಳು. ಬರೆದೆ. ಉಬ್ಬಸ ಇದೆ. ಪಂಪು ಸದಾ ಹತ್ತಿರ ಇರಬೇಕು. ಏರು ಹತ್ತಿದರೆ, ದೂಳು ಕುಡಿದರೆ ಜಾಸ್ತಿಯಾಗುತ್ತದೆ. ದುಂಡಗಿನ ಅಕ್ಷರದಲ್ಲಿ, ಗೆರೆ ಮೀರಿ, ಹಾಳೆಯ ಅಂಚಿನವರೆಗೂ ಬರೆದೆ. ಶೋಭಾ ಓದಿ ಸಹಿ ಹಾಕಿದಳು. ಅವತ್ತು ರಾತ್ರಿ ಸಾರು ನನ್ನ ತಟ್ಟೆಗೆ ಸ್ವಲ್ಪ ಎತ್ತರದಿಂದಲೇ ಬಿತ್ತು.

ಎರಡು ದಿನಕ್ಕೆ ಸ್ಕೂಲಿನಿಂದ ಫೋನು. ಇಂಥ ಮಗುವಿನ ಜವಾಬ್ದಾರಿ ನಾವು ಹೊರಲಾಗದು, ತಂದೆ ತಾಯಿ ಒಬ್ಬರು ಜೊತೆಗೆ ಬಂದರೆ ಆಗಬಹುದು ಎಂದರು. ಇಬ್ಬರಿಗೂ ರಜ ಸಿಗಲಿಲ್ಲ. ನಾನು ಬರುತ್ತೇನೆ ಎಂದೆ. ವಯಸ್ಸೆಷ್ಟು ಎಂದು ಕೇಳಿ, ನಗು ತಡೆದುಕೊಂಡು, ಬೇಡ ಸರ್ ಎಂದರು. ಅವರನ್ನು ಬಯ್ಯಲು ನನಗೆ ಯಾವ ಮುಖವಿದೆ? ಬರೆದುಕೊಟ್ಟ ನಿಜವನ್ನು ಅವರು ಓದಿದರು. ಓದಿ ಮಗುವನ್ನು ಪಟ್ಟಿಯಿಂದ ತೆಗೆದರು. ನಿಂಗಮ್ಮ ಹೆದರಿದ್ದೂ ಇಂಥದಕ್ಕೇ. ಬರೆಯದಿದ್ದರೆ ಮಗು ಹೋಗುತ್ತದೆ, ಬರೆದರೆ ಮಗುವನ್ನು ಬಿಟ್ಟು ಹೋಗುತ್ತಾರೆ. ಇವೆರಡರ ನಡುವೆ ಎಲ್ಲೋ ಒಂದು ದಾರಿ ಇರಬೇಕಿತ್ತು. ಇಷ್ಟು ವರ್ಷ ಮಕ್ಕಳನ್ನು ಓಡಿಸಿದ ನನಗೆ ಅದು ಸಿಕ್ಕಿಲ್ಲ.

ಶಿಬಿರದ ಬಸ್ಸು ಹೊರಟ ದಿನ ಬೆಳಿಗ್ಗೆ ಸಿಂಚನ ಗೇಟಿನ ಹತ್ತಿರ ನಿಂತಿದ್ದಳು. ಬಸ್ಸು ನಮ್ಮ ರಸ್ತೆಯಲ್ಲೇ ಹೋಗುತ್ತದೆ. ಕಿಟಕಿಗಳಲ್ಲಿ ಅವಳ ಗೆಳತಿಯರು ಕೈ ಬೀಸಿದರು, ಇವಳೂ ಬೀಸಿದಳು. ಬಸ್ಸು ತಿರುವು ದಾಟಿದ ಮೇಲೂ ಕೈ ಸ್ವಲ್ಪ ಹೊತ್ತು ಮೇಲೇ ಇತ್ತು. ನಾನು ಪಕ್ಕಕ್ಕೆ ಹೋಗಿ ನಿಂತೆ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು.

“ತಾತ, ಇನ್ಮೇಲೆ ಫಾರಂ ನಿನಗೆ ತೋರ್ಸಲ್ಲ” ಎಂದಳು. ಕೋಪದ ದನಿಯಲ್ಲ, ಒಂದು ವಿಷಯ ತಿಳಿಸುವ ದನಿ. “ಅಮ್ಮನ ಸೈನ್ ನಂಗೆ ಬರುತ್ತೆ. ನಾನೇ ಇಲ್ಲ ಅಂತ ಬರ್ಕೋತೀನಿ.”

ಅವಳಿಗೆ ಏನು ಹೇಳಬೇಕಿತ್ತು, ನೀವಾದರೂ ಹೇಳಿ. ರಂಗಲಕ್ಷ್ಮಿಯ ಕಥೆ ಹೇಳಬೇಕಿತ್ತೇ? ಈಚೆಗೆ ಅವಳ ಪಂಪು ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ, ಅದೊಂದು ಹೊಸ ರೋಗ ನನಗೆ. ಅವಳು ಕೈ ಚಾಚಿದಳು. ಕೊಟ್ಟೆ. ಸ್ಕೂಲ್ ಬ್ಯಾಗಿನ ಜಿಪ್ಪು ಎಳೆದು, ಪುಸ್ತಕಗಳನ್ನು ಮೇಲೆತ್ತಿ, ಎಲ್ಲಕ್ಕಿಂತ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ ಅದನ್ನು ಇಟ್ಟುಕೊಂಡು ಒಳಗೆ ಹೋದಳು.